ಐದೂವರೆಗೆ ನಿಲ್ಲುವ ಸದ್ದು

'ನನ್ನ ದುಪಟ್ಟಾದಿಂದ ಬಿಯರ್ ವಾಸನೆ ಬರುತ್ತಿದೆಯೋ ಏನೋ' ಎಂದು ಗಿರಿಜಾಂಬಾ ಡೈರಿಯಲ್ಲಿ ಬರೆದಳು. ಬರೆದ ಮೇಲೆ 'ಬಿಯರ್' ಎಂಬುದನ್ನು ಹೊಡೆದುಹಾಕಿ 'ಹುಳಿ' ಎಂದು ತಿದ್ದಿದಳು. ಯಾರೂ ಓದದ ಡೈರಿಯ ಎದುರೂ ಅವಳಿಗೆ ಸಂಕೋಚ.

ಅವಳ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಅಪ್ಪ ಬಸವರಾಜಪ್ಪನವರದು ಮಲ್ಲಂದೂರಿನಲ್ಲಿ ದಿನಸಿ ಅಂಗಡಿ. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ. ಬಿ.ಎಸ್ಸಿ. ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದ ಮಗಳಿಗೆ ಬಿಳಿಗುಡ್ಡ ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಕೆಲಸ ಸಿಕ್ಕಾಗ ಅವರು ಮೂರು ದಿನ ಯೋಚನೆ ಮಾಡಿ, "ಲೈಬ್ರರಿ ಅಂದ್ಮೇಲೆ ಸರಸ್ವತಿ ಇರೋ ಜಾಗ. ಬಾಕಿದ್ದು ನಾವು ನೋಡೋದು ಬೇಡ" ಅಂದಿದ್ದರು. ಕೇಳಿದವರಿಗೆಲ್ಲ "ಮಗಳು ಲೈಬ್ರರಿಲಿದಾಳೆ" ಎಂದಷ್ಟೇ ಹೇಳುತ್ತಿದ್ದರು. ಯಾವ ಲೈಬ್ರರಿ ಎಂದು ಯಾರೂ ಕೇಳಲಿಲ್ಲ, ಅವರೂ ಬಾಯಿಬಿಡಲಿಲ್ಲ.

ಹೋದ ವಾರ ಊಟಕ್ಕೆ ಕೂತಾಗ ಮಾತ್ರ ಅವರು ಮೂಗರಳಿಸಿ, "ಏನೇ ಇದು, ಹುದುಗು ಬಂದ ಹಿಟ್ಟಿನ ವಾಸನೆ?" ಅಂದರು.

"ಹಳೇ ಪುಸ್ತಕದ್ದಪ್ಪ."

ಅವಳ ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಬಂದುಬಿಟ್ಟಿತ್ತು. ನಿಜ ಹೇಳಬೇಕಾದಾಗ ಮಾತ್ರ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ.

ಕ್ಲಬ್ಬು ಅವಳಿಗೆ ಗೊತ್ತಿದ್ದದ್ದು ಹಗಲಿನದು ಮಾತ್ರ. ಬೆಳಗ್ಗೆ ಹತ್ತಕ್ಕೆ ಬಂದು ಬೀಗ ತೆಗೆದು, ಲೈಬ್ರರಿಯ ಮೇನ್ ಸ್ವಿಚ್ ಹಾಕಿ, ಬೆತ್ತದ ಕುರ್ಚಿಗಳ ಧೂಳು ಹೊಡೆದರೆ ಆಯಿತು. ಮಧ್ಯಾಹ್ನ ಕ್ಲಬ್ಬಿನ ಒಂದೆರಡು ಲೆಟರ್ ಟೈಪ್ ಮಾಡಬೇಕು. ಪ್ಲಾಂಟರುಗಳು ಬರುವುದು ಸಂಜೆ ಆರರ ಮೇಲೆ. ಅವಳ ಬಸ್ಸು ಐದೂ ಮುಕ್ಕಾಲಿಗೆ. ಪುಸ್ತಕ ಬೇಕಾದವರು ಹಗಲು ಆಳಿನ ಕೈಲಿ ತರಿಸಿಕೊಳ್ಳುತ್ತಿದ್ದರು. ಯಾರು ಯಾವ ಪುಸ್ತಕ ಒಯ್ದರು ಎಂಬುದು ರಿಜಿಸ್ಟರಿನಿಂದ ಗೊತ್ತಾಗುತ್ತಿತ್ತು. ಪುಟದ ನಡುವೆ ಬಿಟ್ಟ ಕಾಫಿ ಎಲೆ, ಸಿಗರೇಟಿನ ಬೂದಿಯಿಂದ ಓದಿದವರ ಸ್ವಭಾವವೂ ಸ್ವಲ್ಪ ಗೊತ್ತಾಗುತ್ತಿತ್ತು. ಮುಖ ಮಾತ್ರ ಗೊತ್ತಿರಲಿಲ್ಲ. ಒಂದು ಮದುವೆಮನೆಯಲ್ಲಿ ದಿನವೂ ಜನ ಬರುವ ಮೊದಲೇ ಎದ್ದುಹೋಗುವವಳ ಹಾಗೆ ಅವಳು ಒಂದು ವರ್ಷ ಕಳೆದಿದ್ದಳು.

ಮಾತಿಗೆಂದು ಇದ್ದವರು ನಿಂಗಯ್ಯ ಒಬ್ಬರೇ. ಮೂವತ್ತು ವರ್ಷದಿಂದ ಬಾರಿನಲ್ಲಿದ್ದವರು, ಅರವತ್ತರ ಹತ್ತಿರ. ಬಲಗೈ ಸಣ್ಣಗೆ ನಡುಗುತ್ತಿತ್ತು. ಗ್ಲಾಸು ಹಿಡಿದರೆ ನಿಂತುಹೋಗುತ್ತಿತ್ತು. ಮೂರು ಗಂಟೆಗೇ ಬಂದು, ಗ್ಲಾಸುಗಳನ್ನೆಲ್ಲ ಒರೆಸಿಟ್ಟು, ಲೈಬ್ರರಿಯ ಹೊಸಿಲಿನ ಮೇಲೆ ಕೂರುತ್ತಿದ್ದರು. ಒಳಗೆ ಕುರ್ಚಿಯಲ್ಲಿ ಕೂರಿ ಎಂದರೆ, "ಬ್ಯಾಡ ಅಮ್ಮಾರೆ, ಕೂತ್ರೆ ಆ ಕುರ್ಚಿ ಮೆಂಬರ್ ಫೀ ಕೇಳ್ತದೆ" ಅನ್ನುತ್ತಿದ್ದರು.

ಅವರಿಬ್ಬರನ್ನೂ ಹತ್ತಿರ ತಂದದ್ದು ಬಿಯರ್ ಮೆಷೀನು.

ದೀಪಾವಳಿಗೆ ಕ್ಲಬ್ಬಿನವರು ಡ್ರಾಟ್ ಬಿಯರ್ ತರಿಸಿದ್ದರು. ಬಾಟಲಿ ಇಲ್ಲ, ಪೀಪಾಯಿಯಿಂದ ಪೈಪಿನಲ್ಲಿ ಬಂದು ನಲ್ಲಿಯಿಂದ ಗ್ಲಾಸಿಗೆ ಇಳಿಯುವಂಥದ್ದು. ಲೈಬ್ರರಿಯ ಹಿಂದಿನ ಸಣ್ಣ ಕೋಣೆಯಲ್ಲಿ ಆಳುದ್ದದ ಫ್ರಿಜ್ಜು, ಅದರೊಳಗೆ ಪೀಪಾಯಿ, ಪಕ್ಕದಲ್ಲಿ ಗ್ಯಾಸ್ ಸಿಲಿಂಡರು. ಗೋಡೆಯಲ್ಲಿ ತೂತು ಕೊರೆದು ಪೈಪನ್ನು ಆಚೆಗಿನ ಬಾರಿಗೆ ಒಯ್ದಿದ್ದರು. ಪೈಪಿನುದ್ದಕ್ಕೂ ತಣ್ಣನೆ ಗಾಳಿ ಊದಲು ಫ್ರಿಜ್ಜಿನಲ್ಲೇ ಒಂದು ಫ್ಯಾನು. ಆ ಕೋಣೆಗೆ ಹೋಗುವ ಬಾಗಿಲು ಲೈಬ್ರರಿಯೊಳಗಿಂದ ಮಾತ್ರ. ನಿಂಗಯ್ಯ ಅದಕ್ಕೆ 'ನಲ್ಲಿ ಬಿಯರ್' ಎಂದೇ ಹೆಸರಿಟ್ಟಿದ್ದರು. ಮೂರು ತಿಂಗಳು ಎಲ್ಲ ಚೆನ್ನಾಗಿತ್ತು.

ಫೆಬ್ರವರಿಯಲ್ಲಿ ಶುರುವಾಯಿತು ಗ್ರಹಚಾರ. ನಲ್ಲಿ ತಿರುಗಿಸಿದರೆ ಮುಕ್ಕಾಲು ಗ್ಲಾಸು ಬರೀ ನೊರೆ. ಕಾಫಿ ರೇಟು ಬಿದ್ದು ಮೊದಲೇ ಮುಖ ಗಂಟು ಹಾಕಿಕೊಂಡು ಬರುತ್ತಿದ್ದ ಪ್ಲಾಂಟರುಗಳಿಗೆ ಅಷ್ಟು ಸಾಕಾಯಿತು. ಸುಬ್ಬಣ್ಣ ಎಂಬ ಹಿರಿಯ ಮೆಂಬರು ಗ್ಲಾಸನ್ನು ಕನ್ನಡಿ ಮಾಡಿಕೊಂಡು, "ನಿಂಗಯ್ಯ, ಹಾಗೇ ಒಂದು ಕತ್ತಿ ತಗಂಡು ಬಾ ಮಾರಾಯ, ಗಡ್ಡ ಕೆರ್ಕಂತೀನಿ" ಅಂದರಂತೆ. ಬಾರೆಲ್ಲ ನಕ್ಕಿತಂತೆ. ಇದನ್ನು ಮರುದಿನ ಹೇಳುವಾಗ ನಿಂಗಯ್ಯನೂ ನಕ್ಕರು, ಆದರೆ ಮಡಿಲಲ್ಲಿದ್ದ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿದುಕೊಂಡಿದ್ದರು.

"ಮೆಷೀನ್ ಜೊತೆ ಒಂದು ಪುಸ್ತಕ ಬಂದಿತ್ತಲ್ಲ, ಅದ್ರಲ್ಲೇನಾದ್ರೂ ಬರ್ದಿರ್ಬೋದಾ ಅಮ್ಮಾರೆ?"

ಪುಸ್ತಕ ಇಂಗ್ಲಿಷಿನಲ್ಲಿತ್ತು. ಗಿರಿಜಾ ಅದನ್ನು ಮನೆಗೆ ಒಯ್ಯಲಿಲ್ಲ. ಕ್ಲಬ್ಬಿನಲ್ಲೇ ಕೂತು ದಿನಕ್ಕೊಂದು ಪುಟ ಕನ್ನಡಕ್ಕೆ ಇಳಿಸಿದಳು. ಬರೆಯಲು ಬೇರೆ ಪುಸ್ತಕವಿರಲಿಲ್ಲವಾದ್ದರಿಂದ ಡೈರಿಯನ್ನೇ ತಿರುವಿ, ಹಿಂದಿನ ಪುಟದಿಂದ ಶುರುಮಾಡಿದಳು. ಹೀಗೆ ಆ ಡೈರಿ ಎರಡು ಕಡೆಯಿಂದಲೂ ತುಂಬತೊಡಗಿತು. ಮುಂದಿನಿಂದ ಅವಳ ಮನಸ್ಸು, ಹಿಂದಿನಿಂದ ಬಿಯರು. ಹಿಂದಿನದು ಚೀಟಿಯಾಗಿ ನಿಂಗಯ್ಯನ ಜೇಬು ಸೇರುತ್ತಿತ್ತು. ಅವರು ರಾತ್ರಿ ಮಾಡಿ ನೋಡಿ ಮರುದಿನ ಮೂರಕ್ಕೆ ಬಂದು ವರದಿ ಒಪ್ಪಿಸುತ್ತಿದ್ದರು.

ಮೊದಲನೇ ಚೀಟಿ: ನಲ್ಲಿಯನ್ನು ಅರ್ಧ ತಿರುಗಿಸಬಾರದು, ಒಂದೇ ಸಲಕ್ಕೆ ಪೂರ್ತಿ ಎಳೆಯಬೇಕು, ಗ್ಲಾಸು ಓರೆ ಹಿಡಿಯಬೇಕು.

"ನಾನು ಹಂಗೇ ಮಾಡೋದು ಅಮ್ಮಾರೆ. ಬರ್ದೋನು ನನ್ನ ನೋಡೇ ಬರ್ದಿರ್ಬೇಕು."

ಎರಡನೇದು: ಗ್ಯಾಸು ಹೆಚ್ಚಾದರೂ ನೊರೆ. ಸಿಲಿಂಡರಿನ ಮೀಟರಿನ ಮುಳ್ಳು ಹಸಿರು ಗೆರೆ ದಾಟಬಾರದು. ಇಬ್ಬರೂ ಹೋಗಿ ನೋಡಿದರು. ಮುಳ್ಳು ಹಸಿರಿನಲ್ಲೇ ಇತ್ತು.

ಮೂರನೇದು: ಗ್ಲಾಸಿಗೆ ಜಿಡ್ಡು ಅಂಟಿದರೆ ನೊರೆಯೇ ನಿಲ್ಲದೆ ಬಿಯರು ಸಪ್ಪೆಯಾಗುತ್ತದೆ, ಒದ್ದೆ ಗ್ಲಾಸಿನ ಒಳಗೆ ಉಪ್ಪು ಉದುರಿಸಿದರೆ ಜಿಡ್ಡಿಲ್ಲದ ಕಡೆಗೆಲ್ಲ ಅಂಟುತ್ತದೆ. ಉಪ್ಪು ಉದುರಿಸಿದರು. ಎರಡು ಗ್ಲಾಸು ಸಿಕ್ಕಿಬಿದ್ದವು, ಅಡಿಗೆಮನೆಯ ಹಂದಿಮಾಂಸದ ಬಟ್ಟೆಯಲ್ಲಿ ಯಾರೋ ಒರೆಸಿದ್ದವು. ಅವನ್ನು ತೊಳೆದದ್ದಾಯಿತು. ಬಾಕಿ ಗ್ಲಾಸುಗಳ ನೊರೆ ಹಾಗೇ ಉಳಿಯಿತು.

ನಾಲ್ಕನೇದು: ಪೀಪಾಯಿ ಪ್ರಯಾಣ ಮಾಡಿ ಬಂದರೆ ಒಂದು ದಿನ ಅಲ್ಲಾಡಿಸದೆ ತಣ್ಣಗೆ ಮಲಗಿಸಬೇಕು.

"ಬಾಣಂತಿ ಥರ" ಅಂದರು ನಿಂಗಯ್ಯ. "ಚಾರ್ಮಾಡಿ ಘಾಟಿ ಹತ್ತಿ ಜೀಪಲ್ಲಿ ಕುಲುಕ್ಕಂಡು ಬರ್ತದಲ್ಲ, ಪಾಪ." ಒಂದಲ್ಲ, ಎರಡು ದಿನ ಮಲಗಿಸಿದರು. ಐದನೇ ಚೀಟಿಯಂತೆ ಪೈಪಿಗೆ ಔಷಧಿ ನೀರು ಬಿಟ್ಟು ತೊಳೆದರು. ಹಿಡಿದುಕೊಳ್ಳಲು ಯಾರೂ ಇಲ್ಲವೆಂದು ಗಿರಿಜಾಳೇ ಪೈಪಿನ ತುದಿ ಹಿಡಿದಳು. ದುಪಟ್ಟಾಕ್ಕೆ ವಾಸನೆ ಅಂಟಿದ್ದು ಆಗಲೇ. ಅಂಟಿದ ವಾಸನೆಗಿಂತ, ಪೈಪಿನಲ್ಲಿ ತಿಳಿನೀರು ಬಂದಾಗ ನಿಂಗಯ್ಯ "ಬಂತು ಬಂತು!" ಎಂದು ಕೂಗಿದ್ದು ಅವಳಿಗೆ ಹೆಚ್ಚು ನೆನಪಿತ್ತು. ಆ ದಿನದ ಡೈರಿಯ ಮುಂದಿನ ಪುಟದಲ್ಲಿ ಒಂದೇ ಸಾಲು: 'ಇವತ್ತು ನಾನು ಜೋರಾಗಿ ನಕ್ಕೆ.'

ಮಂಗಳೂರಿನಿಂದ ಮೆಕ್ಯಾನಿಕ್ಕು ಎರಡು ಸಲ ಬಂದ. ಎರಡು ಸಲವೂ ಬಸ್ಸು ಹತ್ತಿ ಬರುವಷ್ಟರಲ್ಲಿ ಮಧ್ಯಾಹ್ನ ನಾಲ್ಕಾಗಿತ್ತು. ನಲ್ಲಿ ತಿರುಗಿಸಿದ. ಹೊಂಬಣ್ಣದ ಬಿಯರು, ಮೇಲೆ ಎರಡು ಬೆರಳು ನೊರೆ, ಚಿತ್ರ ಬರೆದ ಹಾಗೆ. ಕುಡಿದು ನೋಡಿ, ಬಾಯಿ ಒರೆಸಿಕೊಂಡು, "ಮೆಷೀನ್ ಸರಿ ಉಂಟು. ಬಗ್ಗಿಸುವವರನ್ನು ನೋಡಿ" ಎಂದು ಸೆಕ್ರೆಟರಿಗೆ ಹೇಳಿ ಹೋದ.

"ಹಗಲು ಸರಿ ಇರ್ತದೆ, ರಾತ್ರಿ ಕೆಟ್ಟೋಗ್ತದೆ" ಎಂದರು ನಿಂಗಯ್ಯ. "ನಮ್ಮ ಮೆಂಬರ್‌ಗಳ ಹಂಗೇ." ಆದರೆ ಈ ಸಲ ಅವರು ನಗಲಿಲ್ಲ. ಬಗ್ಗಿಸುವವರು ಎಂದರೆ ಯಾರು ಎಂಬುದು ಅವರಿಗೆ ತಿಳಿದಿತ್ತು. ಆನರರಿ ಸೆಕ್ರೆಟರಿ ದಿಲೀಪ್ ಗೌಡರಿಗೂ ತಿಳಿದಿತ್ತು. ನಡುಗುವ ಕೈ ಬಿಯರನ್ನು ಕಲಕುತ್ತದೆ, ಕಲಕಿದ ಬಿಯರು ನೊರೆಯಾಗುತ್ತದೆ. ಲೆಕ್ಕ ಎಷ್ಟು ಸುಲಭವಾಗಿತ್ತೆಂದರೆ ಯಾರೂ ಮತ್ತೊಂದು ಕಾರಣ ಹುಡುಕಲೇ ಇಲ್ಲ.

ಮಾರ್ಚಿನ ಮೊದಲ ವಾರ ದಿಲೀಪ್ ಗೌಡರು ನಿಂಗಯ್ಯನಿಗೆ, "ಸೋಮವಾರದಿಂದ ಒಂದು ವಾರ ರೆಸ್ಟ್ ತಗಳ್ಳಿ ನಿಂಗಯ್ಯ. ಕುದುರೆಮುಖದ ಕಡೆಯವನು ಒಬ್ಬ ಬಂದಿದಾನೆ, ಶಿವಯ್ಯ ಅಂತ. ಅವನ ಕೈಲಿ ಹೆಂಗೆ ಬರ್ತದೆ ನೋಡಣ" ಅಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು ಎಂದು ನಿಂಗಯ್ಯನಿಗೆ ಅನಿಸಿತಂತೆ.

ಉಳಿದದ್ದು ಶನಿವಾರ, ಭಾನುವಾರದ ಎರಡು ಸಂಜೆ. ಭಾನುವಾರ ಅವಳಿಗೆ ರಜ. ಶನಿವಾರ ಗಿರಿಜಾ ಬಿ.ಎಸ್ಸಿ. ಓದುವಾಗ ಕೊಂಡಿದ್ದ ಲ್ಯಾಬ್ ಥರ್ಮಾಮೀಟರನ್ನು ಕರವಸ್ತ್ರದಲ್ಲಿ ಸುತ್ತಿ ತಂದಳು. ಪುಸ್ತಕದ ಕೊನೆಯ ಅಧ್ಯಾಯ ಬಿಸಿ ತಂಪಿನದು. ಬಿಯರು ಮಾತ್ರವಲ್ಲ, ಅದು ಹಾದುಬರುವ ಪೈಪೂ ತಣ್ಣಗಿರಬೇಕು ಎಂದಿತ್ತು.

"ಇದನ್ನ ಗ್ಲಾಸಲ್ಲಿ ಅದ್ದಿ, ಗಂಟೆಗೊಂದು ಸಲ ಎಷ್ಟಿದೆ ಅಂತ ಬರ್ಕೊಳ್ಳಿ ನಿಂಗಯ್ಯನವ್ರೇ. ನಂಬರ್ ಬರೀತೀರಲ್ಲ?"

"ನಂಬ್ರು ಬರೀದೆ ಮೂವತ್ತು ವರ್ಷ ಬಾರಲ್ಲಿರಕ್ಕಾಯ್ತದಾ?" ಅಂದರು ಅವರು. ಥರ್ಮಾಮೀಟರನ್ನು ಬೆಳಕಿಗೆ ಹಿಡಿದು ನೋಡಿ, "ಬಿಯರಿಗೂ ಜ್ವರ ನೋಡಂಗಾಯ್ತಲ್ಲ" ಎಂದು ಜೇಬಿಗಿಟ್ಟುಕೊಂಡರು.

ಸೋಮವಾರ ಅವರು ಬರಲಿಲ್ಲ. ಬರಬಾರದಿತ್ತಲ್ಲ. ಥರ್ಮಾಮೀಟರನ್ನೂ ಚೀಟಿಯನ್ನೂ ವಾಚ್‌ಮನ್ ಕೈಲಿ ಕೊಟ್ಟು ಹೋಗಿದ್ದರು. ಸಿಗರೇಟು ಪ್ಯಾಕಿನ ಹಿಂದೆ ಅವರ ದಪ್ಪಕ್ಷರದಲ್ಲಿ ಶನಿವಾರದ ಅಂಕಿಗಳು. ನಾಲ್ಕು ಗಂಟೆಗೆ ಐದು ಡಿಗ್ರಿ. ಐದಕ್ಕೂ ಐದೇ. ಆರೂವರೆಗೆ ಎಂಟು. ಏಳೂವರೆಗೆ ಹನ್ನೊಂದು. ಎಂಟೂವರೆಗೆ ಹದಿಮೂರು.

ಗಿರಿಜಾ ಅದನ್ನು ಡೈರಿಯ ಹಿಂದಿನ ಪುಟಕ್ಕೆ ಇಳಿಸಿದಳು. ಇನ್ನು ಅಲ್ಲಿ ಜಾಗ ಉಳಿದದ್ದು ಒಂದೇ ಪುಟ. ಅಂಕಿಗಳ ಕೆಳಗೆ, 'ಐದಕ್ಕೂ ಆರೂವರೆಗೂ ನಡುವೆ ಏನಾಗುತ್ತದೆ?' ಎಂದು ಬರೆದಳು. ಹಾಗೇ ತಮಾಷೆಗೆ ಉತ್ತರವನ್ನೂ ಬರೆದಳು: 'ನಾನು ಮನೆಗೆ ಹೋಗುತ್ತೇನೆ.'

ಪುಟ ತಿರುವಿದಳು. ಆಚೆಗೆ ಮುಂದಿನಿಂದ ಬಂದ ಬರಹ ತಲೆಕೆಳಗಾಗಿ ನಿಂತಿತ್ತು. ಡೈರಿ ತಿರುಗಿಸಿ, ಮೊದಲಿನಿಂದ ಒಂದೊಂದೇ ಹಾಳೆ ಮಗುಚುತ್ತ ಹೋದಳು. ಫೆಬ್ರವರಿ ಹದಿನೆಂಟರ ಪುಟದಲ್ಲಿ ಅವಳ ಬೆರಳು ನಿಂತಿತು:

'ಇತ್ತೀಚೆಗೆ ಐದೂವರೆಗೆ ಬಾಗಿಲು ಹಾಕುವಾಗ ನನ್ನೊಳಗೆ ಏನೋ ಒಂದು ತಟ್ಟನೆ ನಿಂತುಹೋಗುತ್ತದೆ. ಅದುವರೆಗೂ ಯಾವುದೋ ಜೊತೆಗಿತ್ತು, ಈಗ ಇಲ್ಲ, ಅನ್ನಿಸುತ್ತದೆ. ಇದಕ್ಕೇ ಒಂಟಿತನ ಅನ್ನುವುದೇ?'

ಐದೂವರೆ ಆಗಿತ್ತು. ಎದ್ದು ಸ್ವಿಚ್‌ಬೋರ್ಡಿನ ಹತ್ತಿರ ಹೋದಳು. ಅಪ್ಪನ ಅಂಗಡಿಯಲ್ಲಿ ಚಿಕ್ಕಂದಿನಿಂದ ಕಲಿತ ರೂಢಿ ಅದು. ಬಾಗಿಲು ಹಾಕುವ ಮೊದಲು ಒಂದೊಂದೇ ದೀಪವಲ್ಲ, ಮೇನನ್ನೇ ಆರಿಸಬೇಕು. ಆರಿಸಿದ ಕೈಯನ್ನು ಕಣ್ಣಿಗೊತ್ತಿಕೊಂಡು "ಶಿವಾ, ನೋಡ್ಕೋ" ಎನ್ನಬೇಕು. ಪಕ್ಕದ ಬಟ್ಟೆ ಅಂಗಡಿ ವೈರು ಸುಟ್ಟು ಬೂದಿಯಾದ ವರ್ಷದಿಂದ ಅಪ್ಪ ಒಂದು ದಿನವೂ ತಪ್ಪಿಸಿದವರಲ್ಲ. ಅವಳೂ ಅಷ್ಟೇ, ಕ್ಲಬ್ಬಿಗೆ ಬಂದ ದಿನದಿಂದ ತಪ್ಪಿಸಿರಲಿಲ್ಲ.

ಇವತ್ತು ಆರಿಸುವ ಮೊದಲು ಕಿವಿಗೊಟ್ಟಳು. ಒಂದು ಗುಂಯ್ ಸದ್ದು. ಹಳೇ ಟ್ಯೂಬ್‌ಲೈಟಿನದು, ಇಲ್ಲ ಆಚೆ ತೋಟದ ಜೀರುಂಡೆಗಳದು ಎಂದುಕೊಂಡಿದ್ದಳು. ಮೇನ್ ಕೆಳಗೆಳೆದಳು. ಸದ್ದು ನಿಂತಿತು. ತೋಟದ ಜೀರುಂಡೆಗಳು ಮಾತ್ರ ಹಾಗೇ ಕೂಗುತ್ತಿದ್ದವು. ಅವಳೊಳಗೆ ಅದೇ ಖಾಲಿ, ದಿನಾ ಆಗುವ ಹಾಗೆಯೇ.

ಮತ್ತೆ ಮೇಲೆತ್ತಿದಳು. ಸ್ವಲ್ಪ ಹೊತ್ತಿಗೆ ಹಿಂದಿನ ಕೋಣೆಯಲ್ಲಿ ಏನೋ ಒಮ್ಮೆ ಮೈಕೊಡವಿ, ಗುಂಯ್ ಎಂದಿತು.

ಕುರ್ಚಿ ಎಳೆದು ಹತ್ತಿ ನೋಡಿದಳು. ಬೋರ್ಡಿನ ಮೇಲಿಂದ ಕಪ್ಪು ವೈರೊಂದು ಗೋಡೆ ಹಿಡಿದು ಹೋಗಿ ಗವಾಕ್ಷಿಯಲ್ಲಿ ಹಿಂದಿನ ಕೋಣೆಗೆ ಇಳಿದಿತ್ತು. ಹೊರಗೆ ವಾಚ್‌ಮನ್ನನ್ನು ಕೇಳಿದಳು. "ಓ ಅದಾ? ಬಾರಿನ ಫ್ಯೂಸು ಸುಟ್ಟೋಗಿತ್ತಲ್ಲ, ಫೆಬ್ರವರೀಲಿ. ನೀವು ಮದ್ವೆಗೆ ಅಂತ ಎರಡು ದಿನ ರಜ ಹಾಕಿದ್ರಿ. ಕರೆಂಟ್ ಕೆಲಸದ ಗುರುವಯ್ಯ ಬಂದು ಫ್ರಿಜ್ಜಿನ ಲೈನು ಇಲ್ಲಿಂದ ಎಳ್ದ. ಸದ್ಯಕ್ಕೆ ಅಂತ."

ದಿನವೂ ಐದೂವರೆಗೆ ಅವಳು ಫ್ರಿಜ್ಜು ಆರಿಸುತ್ತಿದ್ದಳು. ಫ್ಯಾನು ನಿಂತು, ಪೈಪು ಬೆಚ್ಚಗಾಗಿ, ಬಿಯರು ನೊರೆಯಾಗುತ್ತಿತ್ತು. ಬಾಗಿಲಿಗೆ ಬೀಗ, ಬಾರಿನಲ್ಲಿ ಗದ್ದಲ. ಫ್ರಿಜ್ಜು ಸತ್ತದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಬೆಳಗ್ಗೆ ಹತ್ತಕ್ಕೆ ಅವಳೇ ಮತ್ತೆ ಹಾಕುತ್ತಿದ್ದಳು. ಮೆಕ್ಯಾನಿಕ್ಕು ಬರುವಷ್ಟರಲ್ಲಿ ಎಲ್ಲ ತಣ್ಣಗೆ, ಎಲ್ಲ ಸರಿ. ಆ ಚೀಟಿಗಳನ್ನೆಲ್ಲ ಬರೆದ ಕೈಯೇ, ಬರೆದು ಮುಗಿಸಿ ಎದ್ದು ಹೋಗುವಾಗ ಎಲ್ಲವನ್ನೂ ಕೆಡಿಸಿ ಹೋಗುತ್ತಿತ್ತು. ಮೇಲೆ ಶಿವನಿಗೆ ಕೈ ಮುಗಿದು.

ಆ ಸಂಜೆ ಅವಳು ಮೇನ್ ಆರಿಸಲಿಲ್ಲ. ದೀಪ, ಫ್ಯಾನು ಮಾತ್ರ ಆರಿಸಿ ಬೀಗ ಹಾಕಿದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೋದರೆ ಯಾಕೆ ಹೋಯಿತು ಎಂದು ಅಪ್ಪನಿಗೆ ಹೇಳಬೇಕು. ಹೇಳಿದರೆ ಲೈಬ್ರರಿಯ ಮಾತೆಲ್ಲ ಬಿಯರಿನ ಮಾತಾಗುತ್ತದೆ. ಮತ್ತೆ ಮನೆ, ಮತ್ತೆ ಅಂಗಡಿಯ ಹಿಂದಿನ ಕೋಣೆ, ನೋಡಲು ಬರುವ ಗಂಡುಗಳಿಗೆ ಅವಲಕ್ಕಿ. 'ಬಿಯರು ಸರಿಹೋದರೆ ಸಾಕಲ್ಲ' ಎಂದು ಡೈರಿಗೆ ಹೇಳಿದಳು. 'ಬರುವ ಸೋಮವಾರ ನಿಂಗಯ್ಯನವರು ಬಂದಾಗ ಬಿಯರು ಸರಿಯಾಗೇ ಇರುತ್ತದೆ. ಯಾರು ಕೇಳುತ್ತಾರೆ?'

ಅವಳು ಮರೆತದ್ದು ಒಂದೇ. ಮೇನ್ ಆರಿಸದೆ ಬಿಟ್ಟ ಈ ಸೋಮವಾರವೇ ಶಿವಯ್ಯನ ಮೊದಲ ದಿನ.

ಗುರುವಾರ ಮಧ್ಯಾಹ್ನ ದಿಲೀಪ್ ಗೌಡರು ಲೈಬ್ರರಿಗೆ ಬಂದರು. ಬೂಟಿಗೆ ಕೆಮ್ಮಣ್ಣು, ಮುಖದಲ್ಲಿ ಏನೋ ಹಗುರ. "ಗಿರಿಜಾ, ಒಂದು ಲೆಟರ್ ಹೊಡಿಯಮ್ಮ. ನಿಂಗಯ್ಯಂದು. ಮೂವತ್ತು ವರ್ಷದ ಸೇವೆಗೆ ಕ್ಲಬ್ಬು ಆಭಾರಿ, ವಯಸ್ಸು ಮತ್ತು ಕೈನಡುಕದ ಕಾರಣ ಈ ತಿಂಗಳ ಕೊನೆಗೆ ಬಿಡುಗಡೆ ಮಾಡಿದೆ. ಒಳ್ಳೇ ಮಾತಲ್ಲಿ ಬರಿ."

"ಸರ್..." ಅಂದಳು.

"ನಂಗೂ ಬೇಜಾರೇ. ಆದ್ರೆ ನೋಡು, ಮೂರು ದಿನದಿಂದ ಒಂದು ಕಂಪ್ಲೇಂಟಿಲ್ಲ. ಆ ಶಿವಯ್ಯ ಮುಟ್ಟಿದ್ದೇ ತಡ, ಸರಿಯಾಯ್ತು. ಇನ್ನೇನು ಪ್ರೂಫ್ ಬೇಕು? ನಿಂಗೇನಾದ್ರೂ ಹೇಳಕ್ಕಿತ್ತಾ?"

"ಇಲ್ಲ ಸರ್."

ಲೆಟರ್ ಹೊಡೆದಳು. 'ಕೈನಡುಕ' ಎಂಬಲ್ಲಿ ಎರಡು ಸಲ ತಪ್ಪಾಗಿ, ಎರಡು ಸಲ ಹಾಳೆ ಬದಲಾಯಿಸಿದಳು.

ಐದು ಗಂಟೆಗೆ ನಿಂಗಯ್ಯ ಬಂದರು. ಲೆಟರ್ ತಗೊಂಡು ಹೋಗಲು ಬರಹೇಳಿದ್ದರಂತೆ. ಒಗೆದ ಅಂಗಿ ಹಾಕಿದ್ದರು. ಹೊಸಿಲಿನ ಮೇಲೆ ಕೂರದೆ, ಇವತ್ತು ಮೊದಲ ಸಲ ಒಳಗೆ ಬಂದು ಬೆತ್ತದ ಕುರ್ಚಿಯಲ್ಲಿ ಕೂತರು. ಜೇಬಿನಿಂದ ಮಡಿಸಿದ ಚೀಟಿಗಳ ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

"ನಿಮ್ಮವು ಅಮ್ಮಾರೆ. ಆ ಹೊಸಬನಿಗೆ ಕೊಡಿ. ಅವ್ನಿಗೂ ಬೇಕಾಯ್ತವೆ."

ಅವಳು ಲೆಟರ್ ಕೊಡಲಿಲ್ಲ. ಟೈಪ್‌ರೈಟರಿನ ಕೆಳಗೆ ಇಟ್ಟದ್ದು ಅಲ್ಲೇ ಇತ್ತು.

"ನಾನೂ ಮನೇಲಿ ಕೂತು ಯೋಚ್ನೆ ಮಾಡ್ದೆ" ಅಂದರು ಅವರು. "ಇವ್ರೆಲ್ಲ ಸುಮ್ನೆ ಅಂತಾರೆ ಅನ್ಕೊಂಡಿದ್ದೆ. ನಾನು ಬಿಟ್ಟ ದಿನದಿಂದ್ಲೇ ಸರಿಯಾಯ್ತು ಅಂದ್ರೆ ಸುಳ್ಳಲ್ಲ. ಕೈದೇ ದೋಷ ಕಣಮ್ಮಾರೆ. ಗ್ಲಾಸು ಹಿಡ್ದಾಗ ನಿಲ್ತದೆ ಅಂತ ನಂಗೆ ಅನ್ನಿಸ್ತಿತ್ತು. ನಿಲ್ತಿರ್ಲಿಲ್ಲ ಅಂತ ಕಾಣ್ತದೆ. ನಮ್ಮ ಕೈ ನಮಗೆ ಗೊತ್ತಾಗಲ್ಲ ನೋಡಿ." ಬಲಗೈಯನ್ನು ಬೆಳಕಿಗೆ ಚಾಚಿ, ಯಾರದೋ ಕೈ ನೋಡುವ ಹಾಗೆ ನೋಡಿದರು. "ಮಗ್ಳು ಮನೆ ಮಗೂನ ಎತ್ಕೊಳ್ಳಕ್ಕೂ ಹೆದ್ರಿಕೆ ಆಯ್ತು ನಿನ್ನೆ."

ಗಿರಿಜಾ ಆ ಕೈಯನ್ನೇ ನೋಡಿದಳು. ಗೋಡೆಯಾಚೆ ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ಅದೇ ಸದ್ದು, ಜೊತೆ ಎಂದು ತಾನು ತಿಳಿದದ್ದು. ಜೊತೆಗಿದ್ದದ್ದು ಅದಾಗಿರಲಿಲ್ಲ. ದಿನಾ ಮೂರಕ್ಕೆ ಬಂದು ಹೊಸಿಲ ಮೇಲೆ ಕೂರುತ್ತಿದ್ದವರು.

"ಕೂತಿರಿ ನಿಂಗಯ್ಯನವ್ರೇ" ಅಂದಳು. "ಹೋಗ್ಬೇಡಿ."

"ನಿಮ್ಮ ಬಸ್ಸು?"

ಐದೂವರೆ ಆಯಿತು. ಐದೂ ಮುಕ್ಕಾಲಿಗೆ ಬಸ್ಸು ಕ್ಲಬ್ಬಿನ ಗೇಟಿನ ಹತ್ತಿರ ನಿಂತು, ಎರಡು ಸಲ ಹಾರನ್ ಹೊಡೆದು, ಕಾದು, ಹೊರಟುಹೋಯಿತು. ಮನೆಯಲ್ಲಿ ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ನಿಂತು ದಾರಿ ನೋಡುತ್ತಾರೆ. ಇವತ್ತು ಅವರಿಗೂ ಹೇಳಬೇಕಾಗುತ್ತದೆ. ಹಳೇ ಪುಸ್ತಕದ ವಾಸನೆಯಲ್ಲ ಎಂಬಲ್ಲಿಂದ ಶುರುಮಾಡಿ.

ಆರು ಗಂಟೆಗೆ ಜೀಪುಗಳು ಬರತೊಡಗಿದವು. ಬಾಗಿಲು ತೆರೆಯುವ ಸದ್ದು, ನಗು, ಈ ಸಲ ಕಾಫಿ ಅರಳಿಸುವ ಹೂಮಳೆ ಬರುತ್ತದೋ ಇಲ್ಲವೋ ಎಂಬ ಮಾತು. ಅವಳು ಟೈಪ್‌ರೈಟರಿನ ಕೆಳಗಿನ ಹಾಳೆ ತೆಗೆದು ನಾಲ್ಕು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿದಳು. ಉದ್ದದ ವರಾಂಡ ದಾಟಿದಳು. ಒಂದು ವರ್ಷದಲ್ಲಿ ಎಂದೂ ತೆರೆಯದ ಬಾಗಿಲು ತಳ್ಳಿದಳು.

ಬಾರು ಅವಳಂದುಕೊಂಡಷ್ಟು ದೊಡ್ಡದಿರಲಿಲ್ಲ. ಎಂಟೋ ಹತ್ತೋ ಜನ. ನಲ್ಲಿಯ ಹಿಂದೆ ಶಿವಯ್ಯ. ನರೆತ ಮೀಸೆಯವರೊಬ್ಬರು ಗ್ಲಾಸು ಎತ್ತಿ ಬೆಳಕಿಗೆ ಹಿಡಿದಿದ್ದರು. ಪುಸ್ತಕದಲ್ಲಿ ಕಾಫಿ ಎಲೆ ಬಿಡುವವರು ಇವರೇ ಇರಬಹುದು. ಸುಬ್ಬಣ್ಣನವರ ದನಿ ಕೇಳಿಸಿತು: "ಯಾರಪ್ಪ ಇದು? ಲೇಡೀಸ್ ಡೇ ಇವತ್ತಲ್ವಲ್ಲ."

ಒಬ್ಬಿಬ್ಬರು ನಕ್ಕರು. ದಿಲೀಪ್ ಗೌಡರು ಸ್ಟೂಲಿನಿಂದ ತಿರುಗಿ, "ಏನಮ್ಮ ಗಿರಿಜಾ, ಬಸ್ ತಪ್ತಾ?" ಅಂದರು.

ಹಿಂದೆ ನಿಂಗಯ್ಯ ಬಂದು ಬಾಗಿಲಲ್ಲಿ ನಿಂತದ್ದು ಅವಳಿಗೆ ಗೊತ್ತಾಯಿತು. ನಗು ನಿಂತ ಮೇಲೆ ಗೋಡೆಯಾಚೆಯ ಫ್ರಿಜ್ಜಿನ ಸದ್ದು ಇಲ್ಲಿಗೂ ಸಣ್ಣಗೆ ಕೇಳುತ್ತಿತ್ತು.

"ನಿಂಗಯ್ಯನವ್ರ ಕೈಯಲ್ಲಿ ಯಾವ ದೋಷವೂ ಇಲ್ಲ ಸರ್" ಅಂದಳು ಗಿರಿಜಾಂಬಾ, ಕೋಣೆಗೆಲ್ಲ ಕೇಳುವ ಹಾಗೆ. "ದಿನಾ ಸಂಜೆ ಫ್ರಿಜ್ಜು ಆರಿಸಿ ಹೋಗ್ತಿದ್ದವಳು ನಾನು."